ಸೇಡಮ್ಮಿನ ಐವರು ಓಟಗಾರರು

ವಾಡಿ

ನಾನು ಮೊಗಲಾಯಿಗೆ ಹೋಗುತ್ತೇನೆಂದಾಗ ನಮ್ಮ ಅವ್ವ ಕಣ್ಣಲ್ಲಿ ನೀರು ತಂದಳು. ನಿಜಾಮರ ರಾಜ್ಯಕ್ಕೆ ನಾವು ಧಾರವಾಡದವರು ಇಟ್ಟ ಹೆಸರು ಅದು. ದೂರವೇನಲ್ಲ, ಗದಗ, ವಿಜಾಪುರ, ಹೊಟಗಿ ಹಿಡಿದು ಹೋದರೆ ಒಂದು ದಿನದ ಹಾದಿ. ಆದರೆ ಅಲ್ಲಿಯ ನಾಣ್ಯ ಬೇರೆ, ಟಪಾಲಿನ ತಿಕೀಟು ಬೇರೆ, ಕಚೇರಿಯ ಭಾಷೆ ಬೇರೆ. ನಮ್ಮ ಓಣಿಯಲ್ಲಿ ಮುಂಬಯಿ ಕಂಡವರು ಹತ್ತಾರು ಜನ ಇದ್ದರೂ ಮೊಗಲಾಯಿ ಕಂಡವಳು ನಮ್ಮ ಅಕ್ಕ ಒಬ್ಬಳೇ. ಅವಳನ್ನು ಅಲ್ಲಿಗೇ ಕೊಟ್ಟಿತ್ತು.

ನಾನು ಡ್ರಿಲ್ ಮಾಸ್ತರ. ಕ್ರಾಸ್‌ಕಂಟ್ರಿ ಓಟ, ಎಂದರೆ ಹೊಲ, ಹಳ್ಳ, ದಿಬ್ಬ ದಾಟಿ ಮೈಲುಗಟ್ಟಲೆ ಓಡುವುದು, ನನ್ನ ಹುಚ್ಚು. ಅಕ್ಕನ ಗಂಡ ವಿರೂಪಾಕ್ಷಪ್ಪ ಸೇಡಮ್ಮಿನ ಶಾಲೆಯಲ್ಲಿ ಮಾಸ್ತರ. ಅವರು ಕಾಗದ ಬರೆದಿದ್ದರು: “ಶಹಾಬಾದದಲ್ಲಿ ಚಳಿಗಾಲಕ್ಕೊಮ್ಮೆ ಓಟವಿದೆ. ತಾಲೂಕಿಗೆ ಐದು ಜನರ ತಂಡ. ನಮ್ಮವರು ಮೂರು ವರ್ಷದಿಂದ ಕಡೆಯವರು. ಈ ಸಲವೂ ಹಾಗೇ ಆದರೆ ತಂಡ ಕಟ್ಟುವುದನ್ನೇ ಬಿಟ್ಟುಬಿಡಿ ಎಂದು ಊರಿನ ಹಿರಿಯರು ಹೇಳಿಯಾಗಿದೆ. ರಜೆ ಹಾಕಿ ಬಾ.” ನಾನು ಬಿಳಿಯರು ಬರೆದ ಒಂದು ತಾಲೀಮಿನ ಪುಸ್ತಕ, ಮೊಳೆ ಬಡಿದ ಬೂಟು, ಓಟದ ಗಡಿಯಾರ ಕಟ್ಟಿಕೊಂಡು ಹೊರಟೆ. ಇಪ್ಪತ್ತು ದಿನದಲ್ಲಿ ಅವರನ್ನು ಗೆಲ್ಲಿಸುತ್ತೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

ವಾಡಿ ಸ್ಟೇಶನ್ನಿನಲ್ಲಿ ಗಾಡಿ ಬದಲಿಸಬೇಕು. ಅಲ್ಲೇ ಕರೋಡಗಿರಿಯವರು, ಎಂದರೆ ಸುಂಕದವರು, ಟ್ರಂಕು ಬಿಚ್ಚಿಸುತ್ತಾರೆ. ಅಂದು ಇದ್ದವರು ಕೆಂಪು ಟೊಪ್ಪಿಗೆಯ, ನಗುಮೊಗದ ಒಬ್ಬ ಕಾರಕೂನರು. ನನ್ನ ಗಡಿಯಾರ ಎತ್ತಿ ಕಿವಿಗೆ ಹಿಡಿದರು.

“ಇದರಾಗ ದೊಡ್ಡ ಮುಳ್ಳು ಒಂದೇ ಅದ. ಕೆಟ್ಟದೇನ್ರಿ?”

“ಕೆಟ್ಟಿಲ್ಲರಿ. ಓಡೂ ಮನಶಾನ್ನ ಅಳೀಲಿಕ್ಕೆ ಐತಿ.”

“ಓಡಿ ತೋರಸ್ರಿ, ನೋಡಮು.”

ಅಷ್ಟು ಸಾಕಾಯಿತು ನನಗೆ. ಕೋಟು ಕಳಚಿ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಓಡಿದೆ. ಜನ ಚಪ್ಪಾಳೆ ತಟ್ಟಿದರು. ಕಾರಕೂನರಿಗೆ ಹುರುಪು ಬಂದು ತಮ್ಮ ಇಬ್ಬರು ಚಪರಾಸಿಗಳನ್ನೂ ಓಡಿಸಿದರು. ಒಬ್ಬನ ರುಮಾಲು ಬಿಚ್ಚಿ ಹಿಂದೆ ಹಾರಾಡಿತು. ಮೂರನೆಯ ಓಟಕ್ಕೆ ನಾನೇ ಗಡಿಯಾರದ ಗುಂಡಿ ಒತ್ತುತ್ತಿದ್ದಾಗ ಸೇಡಮ್ಮಿನ ಗಾಡಿ ಸೀಟಿ ಊದಿ ನನ್ನ ಕಣ್ಣೆದುರೇ ಹೊರಟುಹೋಯಿತು. ತಪ್ಪು ನನ್ನದೇ. ಕಾರಕೂನರು ನೊಂದುಕೊಂಡು ಚಹಾ ತರಿಸಿದರು, ತಮ್ಮ ಬುತ್ತಿಯ ಅರ್ಧ ರೊಟ್ಟಿ ಕೊಟ್ಟರು. ಮುಂದಿನ ಗಾಡಿ ಬರುವವರೆಗೆ ತಾವು ಸಣ್ಣವರಿದ್ದಾಗ ಎಷ್ಟು ಜೋರಾಗಿ ಓಡುತ್ತಿದ್ದರೆಂದು ಹೇಳಿದರು.

ಚಿತ್ತಾಪುರ

ಈ ಸೀಮೆಯ ಗಾಡಿಯಲ್ಲಿ ಕುಳಿತವನಿಗೆ ಗುಟ್ಟು ಉಳಿಯುವುದಿಲ್ಲ. ಎದುರಿಗಿದ್ದ ಮುದುಕರು ಮೊದಲು ನನ್ನ ಊರು ಕೇಳಿದರು, ಆಮೇಲೆ ಲಗ್ನವಾಗಿದೆಯೇ ಎಂದರು, ಇಲ್ಲವೆಂದಾಗ ಯಾಕೆ ಎಂದರು. ನಮ್ಮ ಕಡೆ ಇಷ್ಟು ಕೇಳಲು ಎರಡು ವರ್ಷದ ಪರಿಚಯ ಬೇಕು.

“ಓಡಲಿಕ್ಕ ಕಲಸ್ತೀರಿ? ಓಡಿ ಎಲ್ಲಿಗಿ ಮುಟ್ಟತಾರ?”

“ಹೊರಟಲ್ಲಿಗೇ ತಿರುಗಿ ಬರತಾರರಿ.”

ಅವರು ಬಹಳ ಹೊತ್ತು ಯೋಚಿಸಿದರು. “ಹಂಗಾದ್ರ ಕುಂತಿರಬಹುದಿತ್ತಲ್ಲ,” ಎಂದರು.

ಡಬ್ಬಿಯೆಲ್ಲ ನಕ್ಕಿತು. ಚಿತ್ತಾಪುರ ಬಂದಾಗ ಮುದುಕರು ಇಳಿಯುತ್ತ, “ನಮ್ಮ ಊರ ಹುಡುಗರು ಪ್ರತಿ ವರ್ಷ ಗೆಲ್ತಾರ. ಸೇಡಮ್ಮಿನಾಗ ಒಬ್ಬ ಅದಾನ, ಹನಮಂತ. ಅಂವ ಎಲ್ಲಾರಕಿಂತ ಮುಂದ ಇರ್ತಾನ. ನಟ್ಟನಡುವ ನಿಂತು ಹಿಂದ ತಿರಗತಾನ. ಯಾಕ ಅಂತ ಯಾರಿಗೂ ಗೊತ್ತಿಲ್ಲ,” ಎಂದರು. ಗಾಡಿ ಹೊರಟಿತು. ಇಕ್ಕೆಲದಲ್ಲೂ ಹಳದಿ ಹೂವಿನ ತೊಗರಿ ಹೊಲಗಳು. ನಾನು ಪುಸ್ತಕ ತೆಗೆದು ‘ಓಟಗಾರನ ಮನೋಬಲ’ ಎಂಬ ಅಧ್ಯಾಯ ಹುಡುಕಿದೆ.

ಸೇಡಂ

ಆ ವಾರ ಅಲ್ಲಿ ಅಕಾಲದ ಮಳೆಯಾಗಿತ್ತು. ಮರುದಿನ ನಸುಕಿನಲ್ಲಿ ಐವರೂ ಊರ ಹೊರಗಿನ ಹೊಲದ ಬಳಿ ನಿಂತಿದ್ದರು. ಒಕ್ಕಲುತನದ ಅಣ್ಣತಮ್ಮಂದಿರು ರಾಚಪ್ಪ, ಸಿದ್ದಪ್ಪ, ಬಡಿಗ ಮಾನಪ್ಪ, ದರ್ಜಿ ಖಾಸಿಂ, ಶಾಲೆಯ ಜವಾನ ಹನಮಂತ. ಖಾಸಿಮನಿಗೆ ಮೂವತ್ತು ದಾಟಿತ್ತು, ಸಣ್ಣ ಹೊಟ್ಟೆಯೂ ಬಂದಿತ್ತು. ಮೂರು ವರ್ಷವೂ ಇಪ್ಪತ್ತು ಜನರಲ್ಲಿ ಹತ್ತೊಂಬತ್ತನೆಯವನೋ ಇಪ್ಪತ್ತನೆಯವನೋ ಆಗಿ ಬಂದವನು ಅವನೇ. ಮೂರು ವರ್ಷವೂ ಮತ್ತೆ ಹೆಸರು ಕೊಟ್ಟವನೂ ಅವನೇ.

ನಾನು ಮೊಳೆಯ ಬೂಟು ಹಾಕಿ, “ನನ್ನ ಹೆಜ್ಜಿ ನೋಡ್ರಿ,” ಎಂದು ಎರೆಹೊಲಕ್ಕೆ ಇಳಿದೆ. ನಮ್ಮ ಧಾರವಾಡದ ಕೆಂಪು ಮಣ್ಣು ಮಳೆಯಲ್ಲಿ ಜಾರಿಸುತ್ತದೆ. ಈ ಕಪ್ಪು ಎರೆಮಣ್ಣು ಹಿಡಿಯುತ್ತದೆ. ಇಪ್ಪತ್ತು ಹೆಜ್ಜೆಗೆ ಒಂದೊಂದು ಬೂಟಿಗೂ ಒಂದೊಂದು ಹೆಂಟೆ ಕಟ್ಟಿತು. ನಲವತ್ತನೆಯ ಹೆಜ್ಜೆಗೆ ಬಲಗಾಲು ಬಂತು, ಬೂಟು ಬರಲಿಲ್ಲ. ನಾನು ಮುಗ್ಗರಿಸಿ ಬಿದ್ದೆ.

“ಮಾಸ್ಟರ್ ಸಾಬ್,” ಎಂದ ಖಾಸಿಂ, ನನ್ನನ್ನು ಎಬ್ಬಿಸುತ್ತ, “ಹೊಲ ತಾನೇ ನಿಮ್ಮ ಸಂಗಟ ಬರಲಿಕತ್ತದ. ನೀವ್ಯಾಕ ತ್ರಾಸ ತಗೋತೀರಿ?”

ಅಂದಿನಿಂದ ನಾನೂ ಬರಿಗಾಲಿನಲ್ಲೇ ಓಡಿದೆ. ಹಿಮ್ಮಡಿ ಒದೆಯದೆ, ಪಾದ ಪೂರ್ತಿ ಊರಿ, ಗಿಡ್ಡ ಹೆಜ್ಜೆ ಹಾಕಿದರೆ ಎರೆಮಣ್ಣು ಬಿಟ್ಟುಕೊಡುತ್ತದೆಂದು ರಾಚಪ್ಪ ಕಲಿಸಿದ. ನಾನು ಅವರಿಗೆ ಕಲಿಸುವುದೂ ಬಹಳವಿತ್ತು. ಐವರೂ ಮೊದಲ ಮೈಲಿಗೇ ಉಸಿರು ಮುಗಿಸಿಕೊಳ್ಳುತ್ತಿದ್ದರು. ಮಾತಾಡುತ್ತ ಓಡಲು ಬರುವಷ್ಟೇ ವೇಗದಲ್ಲಿ ಒಂದು ವಾರ ಓಡಿಸಿದೆ. ಒಂದು ದಿನ ದೂರ, ಒಂದು ದಿನ ದಿಬ್ಬ, ಒಂದು ದಿನ ಬರೀ ನಡಿಗೆ. ಓಟಗಾರರಿಗೆ ಬಾರ್ಲಿ ಗಂಜಿ ಬೇಕೆಂದು ಪುಸ್ತಕದಲ್ಲಿತ್ತು. ಅಕ್ಕ ಅದನ್ನು ಕೇಳಿ, “ಬಸೂ, ಅದೆಂಥಾ ಗಂಜಿನೋ ನನಗ ಗೊತ್ತಿಲ್ಲ,” ಎಂದು ಜೋಳದ ಅಂಬಲಿಗೆ ಮಜ್ಜಿಗೆ ಹಾಕಿ ಕೊಟ್ಟಳು. ಅದು ಕುಡಿದು ಎಂಟು ಮೈಲಿ ಓಡಿದವರಿಗೆ ಹೊಟ್ಟೆ ಹಿಡಿಯಲಿಲ್ಲ.

ಎಂಟನೆಯ ದಿನ ಗಡಿಯಾರ ಹಿಡಿದು ಪೂರಾ ಏಳು ಮೈಲಿಯ ಪರೀಕ್ಷೆ ಇಟ್ಟೆ. ಹನಮಂತನ ಓಟವನ್ನು ನಾನು ಅಂದು ಕಂಡೆ. ಉದ್ದನೆಯ, ಒಣಗಿದ ಆಳು. ಭುಜ ಅಲುಗುವುದಿಲ್ಲ, ತಲೆ ಅಲುಗುವುದಿಲ್ಲ. ನಾನು ಕಂಡ ಓಟಗಾರರಲ್ಲಿ ಅವನಂಥವರು ಇಬ್ಬರೋ ಮೂವರೋ. ಐದನೆಯ ಮೈಲಿಗೆ ಅವನು ಉಳಿದವರಿಂದ ಮೂರು ಹೊಲ ಮುಂದಿದ್ದ. ಅಲ್ಲಿ, ಒಂದು ಬೇವಿನ ಗಿಡದ ಹತ್ತಿರ, ಅವನು ಗಕ್ಕನೆ ನಿಂತ. ತಿರುಗಿದ. ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ನಾಲ್ವರೂ ಸಿಕ್ಕ ಮೇಲೆ ಅವರ ಬೆನ್ನಿಗೆ ಓಡುತ್ತ ಬಂದ.

ನನಗೆ ಸಿಟ್ಟು ನೆತ್ತಿಗೇರಿತು. “ಯಾಕ ನಿಂತಿ?” ಎಂದೆ. ಅವನು ನೆಲ ನೋಡಿದ. “ದಣಿವಾಗಿತ್ತೇನು?” ಇಲ್ಲವೆಂದು ತಲೆಯಾಡಿಸಿದ. “ಹಂಗಾದ್ರ ನೀ ಹೇಡಿ,” ಎಂದುಬಿಟ್ಟೆ, ಎಲ್ಲರ ಎದುರಿಗೆ.

ಅವನು ಸಂಜೆ ಮನೆಗೆ ಬಂದು ಮೊದಲ ದಿನದ ಕೆಸರು ಇನ್ನೂ ಮೆತ್ತಿದ್ದ ನನ್ನ ಬೂಟು ತೊಳೆದು, ಕಟ್ಟೆಯ ಮೇಲೆ ಒಣಗಲು ಇಟ್ಟು ಹೋದ. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ಅಕ್ಕ ಹೇಳಿದಳು: “ಹನಮಂತ ಎಂದಾದ್ರೂ ಯಾರ ಮುಂದಾದ್ರೂ ನಡದಿದ್ದು ನೋಡೀಯೇನು? ಸಂತಿಗಿ ಹೋಗಲಿ, ನೀರಿಗಿ ಹೋಗಲಿ, ಎಲ್ಲಾರೂ ಮುಂದ ಹೋದ ಮ್ಯಾಲ ಅಂವ ಹೆಜ್ಜಿ ಕೀಳ್ತಾನ. ಎರಡು ವರ್ಷದಿಂದ ನೋಡಲಿಕತ್ತೀನಿ. ಮದಲ ಅಂವ ಚಿಂಚೋಳಿ ದಾರಿಯೊಳಗ ಟಪಾಲು ಹೊತ್ತು ಓಡತಿದ್ದ. ಅದನ್ನ ಯಾಕ ಬಿಟ್ಟ ಅಂತ ಕೇಳು. ಬೈದರ ಹೇಳಂಗಿಲ್ಲ.”

ಅಕ್ಕನ ಮಾತಿನಲ್ಲಿ ನಮ್ಮ ಧಾರವಾಡದ ‘ಐತಿ’ ಹೋಗಿ ಇಲ್ಲಿಯ ‘ಅದ’ ಬಂದು ಎಷ್ಟೋ ವರ್ಷವಾಗಿತ್ತು. ಈ ಊರಿನ ಮನುಷ್ಯರು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು ಎಂಬುದು ನನಗೆ ಅಂದು ಹೊಳೆಯಿತು.

ಚಿಂಚೋಳಿ

ಗುಡ್ಡ ಹತ್ತಿ ಇಳಿಯುವ ತಾಲೀಮಿಗೆ ಸೇಡಮ್ಮಿನ ಬಯಲು ಸಾಲದು. ಮಾಮಾ, ಅಂದರೆ ವಿರೂಪಾಕ್ಷಪ್ಪನವರು, ಒಂದು ಕಮಾನಿನ ಬಂಡಿ ಗೊತ್ತು ಮಾಡಿದರು. ನಾವು ಏಳು ಜನ ಚಿಂಚೋಳಿಯತ್ತ ಹೊರಟೆವು. ಉತ್ತರಕ್ಕೆ ಹೋದಂತೆ ಕಪ್ಪು ನೆಲ ಕೆಂಪಗಾಯಿತು. ಕುರುಚಲು ಕಾಡು ಬಂತು, ಮಾತಿಗೆ ತೆಲುಗು ಬೆರೆಯಿತು. ಕೆಂಪು ಮಣ್ಣು ಕಂಡು ನನಗೆ ಊರಿಗೇ ಬಂದಷ್ಟು ಹಿತವಾಯಿತು. ಒಂದು ಹಳ್ಳಿಯಲ್ಲಿ ನೀರು ಕೇಳಿದರೆ ಮೊದಲು ಬೆಲ್ಲ ಕೊಟ್ಟರು. ಬೆಲ್ಲ ತಿನ್ನದೆ ನೀರು ಕುಡಿಯಲು ಹೋದ ನನ್ನನ್ನು ಮನೆಯೊಡತಿ ಗದರಿಸಿದಳು.

ಎರಡನೆಯ ದಿನ ಬಂಡಿಯನ್ನು ಹಿಂದೆ ಬಿಟ್ಟು ಓಡುತ್ತಿದ್ದಾಗ ಒಂದು ಹಳ್ಳ ಅಡ್ಡ ಬಂತು. ಮೊಣಕಾಲು ಮುಟ್ಟದ ನೀರು. ಎಲ್ಲರೂ ಬಡಬಡ ದಾಟಿ ಆಚೆ ದಿಬ್ಬ ಏರಿದರು. ಹನಮಂತ ಈಚೆ ದಂಡೆಯಲ್ಲಿ ನಿಂತಿದ್ದ. ಅವನು ನಾನು ದಾಟುವುದನ್ನೇ ಕಾಯುತ್ತಿದ್ದನೆಂದು ತಿಳಿದು ನಾನು ದಾಟದೆ ಒಂದು ಬಂಡೆಯ ಮೇಲೆ ಕುಳಿತೆ.

“ಕುಂದ್ರು ಹನಮಂತ. ಮೊನ್ನೆ ನಾ ಅಂದಿದ್ದು ತಪ್ಪು. ನಿಂದು ಏನೈತಿ ಕೇಳದನ ಬೈದೆ.”

ಅವನು ಕುಳಿತ. ನೀರನ್ನೇ ನೋಡುತ್ತ ಹೇಳಿದ:

“ಇದೇ ಹಳ್ಳರಿ. ಮಳಿಗಾಲದಾಗ ಇಬ್ಬರು ಓಡ್ತಿದ್ವಿ. ಚೀಲ ನನ್ನ ಹೆಗಲ ಮ್ಯಾಲ. ಹಿಂದ ಮಲ್ಲಪ್ಪಣ್ಣ ಹಲಗಿ ಬಡಕೋತ ಬರ್ತಿದ್ದ. ಕಾಡಿನಾಗ ಜನಾವರ ಇರ್ತಾವಲ್ಲ, ಸಪ್ಪಳಕ್ಕ ದೂರ ಹೋಗ್ತಾವ. ಆ ದಿನ ಮ್ಯಾಲ ಎಲ್ಲೋ ಮಳಿ ಆಗಿತ್ತು. ನಾ ದಾಟಿದಾಗ ನೀರು ತೊಡಿ ಮಟ. ದಂಡಿ ಹತ್ತಿ ಓಡ್ದೆ. ಹಿಂದ ಹಲಗಿ ಸಪ್ಪಳ ನಿಂತಿತು. ಹಲಗಿ ತೊಯ್ಯಬಾರದಂತ ತಲಿ ಮ್ಯಾಲ ಹೊತ್ತಾನ ಅಂದ್ಕೊಂಡೆ. ಟಪಾಲು ವ್ಯಾಳ್ಯಾಕ್ಕ ಮುಟ್ಟಬೇಕಲ್ರಿ. ಓಡಿದೆ. ಮುಟ್ಟಿಸಿದೆ. ಮುಟ್ಟಿಸಿ ತಿರುಗಿ ನೋಡಿದ್ರ ಅಂವ ಇಲ್ಲ.”

“ಆಮ್ಯಾಲೆ?”

“ಮರುದಿನ ಸಿಕ್ಕ. ಭಾಳ ದೂರ ಹೋಗಿದ್ದ.”

ನೀನು ತಿರುಗಿದ್ದರೂ ಆ ನೀರಿನಲ್ಲಿ ಏನೂ ಮಾಡಲಾಗುತ್ತಿರಲಿಲ್ಲ ಎಂದು ಹೇಳಬೇಕೆಂದುಕೊಂಡೆ. ಆ ಮಾತನ್ನು ಅವನು ತನಗೆ ತಾನೇ ಸಾವಿರ ಸಲ ಹೇಳಿಕೊಂಡಿರುತ್ತಾನೆ ಎನಿಸಿ ಸುಮ್ಮನಾದೆ.

“ಓಡಾಗ ಹಿಂದ ಹೆಜ್ಜಿ ಸಪ್ಪಳ ಕೇಳ್ತಿರಬೇಕ್ರಿ ನನಗ. ಅದು ಕಡೀತಂದ್ರ ಕಾಲು ತಾವೇ ತಿರಗತಾವ. ಹೆದರಿಕಿ ಅಲ್ರಿ ಮಾಸ್ತರ. ಹ್ಯಾಂಗ ಹೇಳ್ಲಿ?”

“ಹೇಳಿದ್ಯಲ್ಲ,” ಎಂದೆ. ನಾವಿಬ್ಬರೂ ಜೊತೆಯಾಗಿ ಹಳ್ಳ ದಾಟಿದೆವು.

ಆ ಸಂಜೆ ಗುಡ್ಡದ ಬುಡದಲ್ಲಿ ಎಲ್ಲರನ್ನೂ ಕೂಡಿಸಿ, ಹನಮಂತನನ್ನು ಕೇಳಿಕೊಂಡೇ, ವಿಷಯ ಹೇಳಿದೆ. ಇನ್ನು ಮುಂದೆ ಹನಮಂತ ಎಲ್ಲರಿಗಿಂತ ಹಿಂದೆ ಓಡಲಿ ಎಂದೆ.

ಮಾಮಾ ಬೆಚ್ಚಿದರು. “ಎಲ್ಲಾರಕಿಂತ ಜೋರ ಓಡಾವನ್ನ ಹಿಂದ ಹಾಕ್ತೀಯಾ? ಇದ್ಯಾವ ಪುಸ್ತಕದಾಗ ಅದ?”

“ಯಾವುದರಾಗೂ ಇಲ್ರಿ ಮಾಮಾ.” ಲೆಕ್ಕ ಮಾತ್ರ ಸರಳವಿತ್ತು. ಮೊದಲು ಬಂದವನಿಗೆ ಒಂದು, ಇಪ್ಪತ್ತನೆಯವನಿಗೆ ಇಪ್ಪತ್ತು. ಐವರದೂ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಮುಂದಿನವನು ನಿಂತುಬಿಟ್ಟರೆ, ಹಿಂದಿನವನು ಕಡೆಯವನಾದರೆ, ನಡುವಿನ ಮೂವರು ಎಷ್ಟು ಓಡಿದರೂ ವ್ಯರ್ಥ. ಹನಮಂತ ಖಾಸಿಮನ ಬೆನ್ನಿಗಿದ್ದರೆ ಅವನು ನಿಲ್ಲುವುದಿಲ್ಲ, ಖಾಸಿಂ ಸೋಲುವುದಿಲ್ಲ.

“ಅಂದ್ರ ನಾ ಮುಂದ, ಇಂವ ಹಿಂದ!” ಎಂದ ಖಾಸಿಂ. ಅವನ ಮುಖ ಅರಳಿತು. “ಜಿಂದಗಿಯೊಳಗ ಒಮ್ಮಿ ನಾನೂ ಹನಮಂತನ್ನ ಹಿಂದ ಹಾಕಿದೆ ಅಂತ ಹೇಳಬಹುದಲ್ರಿ!” ಹನಮಂತ ನಕ್ಕಿದ್ದನ್ನು ನಾನು ಮೊದಲ ಸಲ ಕಂಡೆ.

ಮುಂದಿನ ಎಂಟು ದಿನ ಖಾಸಿಮನ ಬೆನ್ನ ಹಿಂದೆ ಎರಡು ಹೆಜ್ಜೆಗೆ ಹನಮಂತ. ದಿಬ್ಬ ಬಂದಾಗ, “ಉಸಿರು ಬಿಡ್ರಿ, ಖಾಸಿಮಣ್ಣ, ಹಿಡೀಬ್ಯಾಡ್ರಿ,” ಎನ್ನುವನು. ಕಾಲು ಸೋತಾಗ, “ಅಲ್ಲಿ ತನಕ, ಆ ಗಿಡದ ತನಕ,” ಎನ್ನುವನು. ಗಿಡ ಬಂದ ಮೇಲೆ ಇನ್ನೊಂದು ಗಿಡ ತೋರಿಸುವನು. ನಾನು ಹತ್ತು ವರ್ಷ ಮಾಸ್ತರಿಕೆ ಮಾಡಿ ಕಲಿಯದ್ದನ್ನು ಅವನು ಮಾಡುತ್ತಿದ್ದ. ಖಾಸಿಮನ ಹೊಟ್ಟೆ ಕರಗಿತು. ಸೇಡಮ್ಮಿಗೆ ಹಿಂದಿರುಗಿ ಏಳು ಮೈಲಿ ಅಳೆದಾಗ ಅವನು ಬಡಿಗ ಮಾನಪ್ಪನಿಗಿಂತ ಬಹಳ ಹಿಂದೇನೂ ಉಳಿಯಲಿಲ್ಲ.

ಶಹಾಬಾದ

ಶಹಾಬಾದ ಕಲ್ಲಿನ ಊರು. ಮನೆಯ ಗೋಡೆ ಕಲ್ಲು, ಮಾಳಿಗೆ ಕಲ್ಲು, ಹೊಲದ ಬೇಲಿಯೂ ನಿಲ್ಲಿಸಿದ ಕಲ್ಲಿನ ಹಲಗೆ. ಮಲಗಲು ಕಲ್ಲು ಹಾಸು ಕೊಟ್ಟರು. ಚಳಿಯಲ್ಲಿ ನಮ್ಮ ಬೆನ್ನು ಮಂಜುಗಡ್ಡೆಯಾಯಿತು. ಓಟದ ದಾರಿ ಊರ ಹೊರಗಿನ ಕಲ್ಲಿನ ಖಣಿಯಿಂದ ಹೊರಟು, ಜೋಳ ತೊಗರಿಯ ಹೊಲ ಹಾಯ್ದು, ಕಾಗಿಣಾ ನದಿಯ ತೆಳುನೀರು ಎರಡು ಸಲ ದಾಟಿ, ಮತ್ತೆ ಖಣಿಗೇ ಬರುತ್ತಿತ್ತು. ನಾನು ಒಡೆದ ಕಲ್ಲಿನ ಗುಡ್ಡೆ ಹತ್ತಿದೆ. ಅಲ್ಲಿಂದ ಹೆಚ್ಚುಕಡಿಮೆ ಇಡೀ ದಾರಿ ಕಾಣುತ್ತಿತ್ತು.

ತುಪಾಕಿ ಹಾರಿತು. ಮೊದಲ ಮೈಲಿಗೆ ಸೇಡಮ್ಮಿನವರು ಎಲ್ಲರಿಗಿಂತ ಹಿಂದೆ. ಜನ ನಕ್ಕರು. ನನಗೆ ಚಿಂತೆಯಿರಲಿಲ್ಲ, ನಮ್ಮವರು ಹಾಗೇ ಓಡಬೇಕೆಂದು ನಾನೇ ಹೇಳಿದ್ದೆ. ನದಿ ಮೊದಲ ಸಲ ದಾಟಿದ ಮೇಲೆ ಬೇರೆಯವರ ಉಸಿರು ಕೆಟ್ಟಿತು. ರಾಚಪ್ಪ, ಸಿದ್ದಪ್ಪ ಒಬ್ಬೊಬ್ಬರನ್ನೇ ದಾಟತೊಡಗಿದರು. ಮಾನಪ್ಪ ನಡುವಿಗೆ ಬಂದ. ಐದನೆಯ ಮೈಲಿಗೆ ಖಾಸಿಂ ಆರು ಜನರನ್ನು ಹಿಂದೆ ಹಾಕಿದ್ದ, ಅವನ ಬೆನ್ನಿಗೆ ಹನಮಂತ.

ಅಲ್ಲಿ ಇಬ್ಬರೂ ಏನೋ ಮಾತಾಡುತ್ತಿರುವಂತೆ ಕಂಡಿತು. ಅದು ಏನೆಂದು ಆಮೇಲೆ ತಿಳಿಯಿತು. ಖಾಸಿಂ ಹೇಳಿದನಂತೆ: “ಹನಮಂತ, ನನ್ನ ದಮ್ಮು ಇಷ್ಟೇ. ನಾ ಹಿಂಗೇ ಮುಟ್ಟತೀನಿ. ನೀ ಇಲ್ಲೇ ಇದ್ರ ನಾವು ಮತ್ತ ಕಡೀಗೇ. ಹೋಗು.”

“ಹ್ಯಾಂಗ ಹೋಗಲಿ?”

“ನಾ ಒದರಕೋತ ಬರ್ತೀನಿ. ನನ್ನ ದನಿ ಕೇಳ್ತದಿಲ್ಲೋ? ಅಷ್ಟಂದ್ರ ನಾ ಅದೀನಿ. ಹೋಗು, ತಮ್ಮಾ.”

ಹನಮಂತ ಹೋದ. ಗುಡ್ಡೆಯ ಮೇಲಿದ್ದ ನನಗೂ ಖಾಸಿಮನ ದನಿ ಕೇಳಿಸಿತು. ಉಸಿರು ಎಳೆದೆಳೆದು, ನಾಲ್ಕು ಹೆಜ್ಜೆಗೊಮ್ಮೆ: “ಅದೀನಿ! ಅದೀನಪಾ, ಅದೀನಿ!”

ಹನಮಂತ ಒಬ್ಬನನ್ನು ದಾಟಿದ, ಇಬ್ಬರನ್ನು ದಾಟಿದ. ನದಿ ಎರಡನೆಯ ಸಲ ಬಂತು. ನೀರು ಹಾಯ್ದು ಆಚೆ ದಂಡೆ ಹತ್ತಿದಾಗ ಹೊಲದ ಗಾಳಿ ತಿರುಗಿತು. ದನಿ ಕೇಳದಾಯಿತು. ಅವನು ನಿಂತ. ಹಿಂದೆ ಬಿಟ್ಟವರಲ್ಲಿ ಒಬ್ಬ ಅವನನ್ನು ದಾಟಿ ಹೋದ. ಹನಮಂತನ ಮೈ ಅರ್ಧ ತಿರುಗಿತ್ತು.

ದಂಡೆಯ ಮೇಲಿನ ತೊಗರಿ ಹೊಲದಲ್ಲಿ ಐದಾರು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಿಗೆ ಈಚೆಯಿಂದ ಖಾಸಿಮನ ಕೂಗೂ ಕೇಳುತ್ತಿತ್ತು, ಆಚೆ ನಿಂತ ಹನಮಂತನೂ ಕಾಣುತ್ತಿದ್ದ. ಅವರಿಗೆ ಏನು ತಿಳಿಯಿತೋ ಕಾಣೆ. ಒಬ್ಬ ಮುದುಕಿ ಸೊಂಟ ನೆಟ್ಟಗೆ ಮಾಡಿ, ಕೈ ಬಾಯಿಗೆ ಹಿಡಿದು ಕೂಗಿದಳು:

“ಅದಾನಪೋ! ನಿಮ್ಮಾಂವ ಅದಾನ, ಬರಲಿಕತ್ತಾನ! ನೀ ನಡಿ!”

ಉಳಿದ ಹೆಂಗಸರೂ ನಗುತ್ತ ದನಿ ಕೂಡಿಸಿದರು. “ಅದಾನ! ಅದಾನ!” ಆ ಕೂಗು ಹೊಲದಿಂದ ಹೊಲಕ್ಕೆ ಹಾರಿತು. ಎಮ್ಮೆ ಕಾಯುವವನೊಬ್ಬ ಕೂಗಿದ, ಬಂಡಿಯ ಮೇಲೆ ನಿಂತವನೊಬ್ಬ ಕೂಗಿದ.

ಹನಮಂತ ತಿರುಗಿದ. ಈ ಸಲ ಮುಂದಕ್ಕೆ. ಆ ಕೊನೆಯ ಒಂದೂವರೆ ಮೈಲಿಯನ್ನು ಅವನು ಓಡಿದಂತೆ ಇನ್ನೊಬ್ಬರು ಓಡಿದ್ದನ್ನು ನಾನು ನೋಡಿಲ್ಲ. ಒಬ್ಬೊಬ್ಬರನ್ನೇ ಹಿಂದೆ ಹಾಕಿ, ರಾಚಪ್ಪನನ್ನೂ ಹಿಂದೆ ಹಾಕಿ ಖಣಿಯ ಬಾಯಿಗೆ ಮೂರನೆಯವನಾಗಿ ಬಂದ. ಗೆರೆ ದಾಟಿ ಕೂರಲಿಲ್ಲ, ನೀರು ಮುಟ್ಟಲಿಲ್ಲ. ದಾರಿಯ ಪಕ್ಕಕ್ಕೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ನಿಂತಲ್ಲೇ ನಿಂತು ಕಾದ. ಬಹಳ ಹೊತ್ತಿನ ಮೇಲೆ ಖಾಸಿಂ ಹದಿನಾಲ್ಕನೆಯವನಾಗಿ ಬಂದ. ದನಿ ಪೂರ್ತಿ ಹೋಗಿತ್ತು, ತುಟಿ ಮಾತ್ರ ಅಲುಗುತ್ತಿತ್ತು. ಹನಮಂತ ಅವನನ್ನು ಎತ್ತಿಯೇ ಬಿಟ್ಟ.

ಗೆದ್ದವರು ಚಿತ್ತಾಪುರದವರೇ. ಸೇಡಂ ಎರಡನೆಯದು. ಮಾಮಾ ಸಣ್ಣ ಹುಡುಗರಂತೆ ರುಮಾಲು ಮೇಲಕ್ಕೆ ಎಸೆದರು. ಮುಂದಿನ ವರ್ಷವೂ ತಂಡವಿರುತ್ತದೆಂದು ಊರಿನ ಹಿರಿಯರೊಬ್ಬರು ಅಲ್ಲೇ ಹೇಳಿದರು. ಖಾಸಿಂ ಸನ್ನೆ ಮಾಡಿ ತನ್ನ ಹೆಸರು ಮೊದಲು ಬರೆದುಕೊಳ್ಳಲು ಹೇಳಿದ.

ಮರುದಿನ ಬೆಳಿಗ್ಗೆ ನನ್ನ ಗಾಡಿಗೆ ಇನ್ನೂ ಹೊತ್ತಿತ್ತು. ಹನಮಂತ ಮಾಮಾರ ಎದುರು ಬಂದು ನಿಂತ.

“ನಾಲ್ಕು ದಿನ ರಜಾ ಬೇಕ್ರಿ. ಚಿಂಚೋಳಿ ಕಡಿ ಐನಾಪುರಕ್ಕ ಹೋಗಬೇಕು.”

“ಯಾಕೋ?”

“ಮಲ್ಲಪ್ಪಣ್ಣನ ಹೆಂಡ್ತಿ ಅಲ್ಲೇ ಇರ್ತಾಳ್ರಿ. ಆಕಿ ಮುಂದ ನಾ ಇಲ್ಲೀತನಕ ನಿಂತಿಲ್ಲ. ಆ ದಿನ ಏನಾಯ್ತು ಅಂತ ಆಕೀಗಿ ನನ್ನ ಬಾಯಲೇ ಹೇಳಬೇಕು.”

ಮಾಮಾ ರಜೆ ಕೊಟ್ಟರು. ನಾನು ಗಾಡಿ ಬಿಟ್ಟು ಜೊತೆಗೆ ಬರಲೇ ಎಂದು ಕೇಳಿದೆ.

“ಬ್ಯಾಡ್ರಿ ಮಾಸ್ತರ. ಒಬ್ಬನ ಹೋಗ್ತೀನಿ,” ಎಂದ. ಬುತ್ತಿಯ ಗಂಟು ಹೆಗಲಿಗೇರಿಸಿಕೊಂಡು, ಕಲ್ಲಿನ ಬೇಲಿಗಳ ನಡುವಿನ ದಾರಿಗೆ ಇಳಿದು, ಹಾಗೇ ನಡೆದುಬಿಟ್ಟ.